ಪುಲಿಕಾಟ್ ಸರೋವರದ ದೋಣಿಗಳೂ ಹಕ್ಕಿಗಳೂ

ರಾಜ್ಯೋತ್ಸವದ ಗಡಿಬಿಡಿ ಮುಗಿದು, ಈಶಾನ್ಯ ಮಾರುತದ ಮಳೆಯೂ ಹಿಂದಾದ ಮೇಲೆ, ಈ ಊರಿನ ಕನ್ನಡ ಸಂಸಾರಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: “ಈ ಸಲ ಎಲ್ಲಿಗೆ ಹೋಗೋಣ?” ಮಾಮಲ್ಲಪುರವನ್ನು ನೋಡಿ ನೋಡಿ ಮಕ್ಕಳಿಗೆ ಬೇಸರ. ಮುಟ್ಟುಕಾಡಿನ ದೋಣಿವಿಹಾರವೂ ಹಳತಾಯಿತು. ಊರಿನಿಂದ ಬಂದ ನೆಂಟರಿಗಾದರೋ ಹೊಸದೇನನ್ನಾದರೂ ತೋರಿಸಲೇಬೇಕು. ಹೀಗೆಯೇ ಕೆಲವು ವರ್ಷಗಳ ಹಿಂದೆ ನಾವು ಐದು ಸಂಸಾರಗಳವರು ಕೂಡಿ, ಒಂದು ವ್ಯಾನು ಗೊತ್ತುಮಾಡಿಕೊಂಡು, ಪುಳಿಯೋಗರೆ ಮೊಸರನ್ನಗಳ ಬುತ್ತಿಯೊಡನೆ, ಜನವರಿ ತಿಂಗಳ ಒಂದು ಭಾನುವಾರ ಪುಲಿಕಾಟ್ ಸರೋವರಕ್ಕೆ ಹೊರಟೆವು.

ಪುಲಿಕಾಟ್ ಎಂಬುದು ಪರಂಗಿಯವರ ಬಾಯಲ್ಲಿ ತಿರುಗಿದ ಹೆಸರು; ತಮಿಳರು ಪಳವೇರ್ಕಾಡು ಎನ್ನುತ್ತಾರೆ. ಚೆನ್ನೈಗೆ ಉತ್ತರದಲ್ಲಿ, ಪೊನ್ನೇರಿಯ ದಾರಿಯಾಗಿ ಸುಮಾರು 60 ಕಿಲೋಮೀಟರು. ಒಡಿಶಾದ ಚಿಲಿಕಾ ಸರೋವರವನ್ನು ಬಿಟ್ಟರೆ ನಮ್ಮ ದೇಶದಲ್ಲಿ ಇದಕ್ಕಿಂತ ದೊಡ್ಡದಾದ ಉಪ್ಪುನೀರಿನ ಹಿನ್ನೀರು ಮತ್ತೊಂದಿಲ್ಲ. ಚಳಿಗಾಲದಲ್ಲಿ ಇಲ್ಲಿಗೆ ಸಾವಿರಗಟ್ಟಲೆಯಾಗಿ ಬಂದಿಳಿಯುವ ಫ್ಲೆಮಿಂಗೋ ಹಕ್ಕಿಗಳನ್ನು ನೋಡುವುದೇ ನಮ್ಮ ಉದ್ದೇಶ. ಇದನ್ನು ಕನ್ನಡದಲ್ಲಿ ರಾಜಹಂಸವೆನ್ನುತ್ತಾರೆ, ತಮಿಳಿನಲ್ಲಿ ಪೂನಾರೈ. ಹೂವಿನ ಬಣ್ಣದ ಕೊಕ್ಕರೆ ಎಂದರ್ಥ. ಹೆಸರು ಎಷ್ಟು ಚೆನ್ನಾಗಿದೆ!

ದಡದಲ್ಲಿ ನಿಂತು ನೋಡಿದರೆ ದೂರದಲ್ಲಿ ಒಂದು ಬಿಳಿಯ ಗೀಟು ಮಾತ್ರ ಕಾಣುತ್ತಿತ್ತು. ಅಷ್ಟರಲ್ಲಿ ಪಂಚೆಯನ್ನು ಮೇಲಕ್ಕೆ ಕಟ್ಟಿದ್ದ ಒಬ್ಬ ಯುವಕ ಹತ್ತಿರ ಬಂದು, ದನಿ ತಗ್ಗಿಸಿ, “ದೋಣಿ ಬೇಕೇ ಸಾರ್? ಹಕ್ಕಿಗಳ ಹತ್ತಿರಕ್ಕೇ ಕರೆದುಕೊಂಡು ಹೋಗುತ್ತೇನೆ” ಎಂದು ತಮಿಳಿನಲ್ಲಿ ಕೇಳಿದ. ಮಕ್ಕಳು ಆಗಲೇ ಚಪ್ಪಲಿ ಕಳಚತೊಡಗಿದ್ದರು. ನಮ್ಮ ಗುಂಪಿನ ಹಿರಿಯರೊಬ್ಬರು ಮಾತ್ರ, “ಬೇಡ, ಇಲ್ಲಿ ಪ್ರವಾಸಿಗಳ ದೋಣಿಗೆ ಅನುಮತಿ ಇಲ್ಲ. 2011ರಲ್ಲಿ ಏನಾಯಿತೆಂಬುದು ಮರೆತುಹೋಯಿತೆ?” ಎಂದು ಅಡ್ಡ ನಿಂತರು. ಇನ್ನೊಬ್ಬರಿಗೆ ಸಿಟ್ಟು ಬಂದಿತು. “ಇಷ್ಟು ದೂರ ಬಂದು ಗೀಟು ನೋಡಿಕೊಂಡು ಹೋಗುವುದೆ?” ಎಂದರು. ಯುವಕನಿಗೂ ನೋವಾಗಿರಬೇಕು. “ನಮ್ಮ ತಾತ ಮುತ್ತಾತಂದಿರ ಕಾಲದಿಂದ ಈ ನೀರಿನಲ್ಲಿ ದೋಣಿ ಓಡುತ್ತಿದೆ. ಹಕ್ಕಿ ಬರುವುದೇನಾದರೂ ನಿಂತಿದೆಯೆ?” ಎಂದು ಕೇಳಿದ.

ನಮ್ಮಲ್ಲಿ ಯಾರಿಗೂ ಆ ಮಾತಿಗೆ ತಕ್ಕ ಉತ್ತರ ಹೊಳೆಯಲಿಲ್ಲ. ದೋಣಿಯನ್ನಂತೂ ಹತ್ತಲಿಲ್ಲ. ಆದರೆ ಆ ಪ್ರಶ್ನೆ ವ್ಯಾನಿನಲ್ಲಿ ನಮ್ಮೊಡನೆಯೇ ಊರಿಗೆ ಬಂದಿತು. ಅಂದಿನಿಂದ ಓದಿ, ವಿಚಾರಿಸಿ, ನೋಡಿ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಆ ಯುವಕನ ಮಾತಿನಲ್ಲಿ ಮೊದಲರ್ಧ ಅಕ್ಷರಶಃ ನಿಜ. ಪುಲಿಕಾಟಿನಲ್ಲಿ ದೋಣಿಯ ಚರಿತ್ರೆ ಬಹು ಹಳೆಯದು, ಮತ್ತು ಅದರಲ್ಲಿ ನಮಗೆ ಸೇರಿದ ಪಾಲೂ ಇದೆ. ಇದು ವಿಜಯನಗರದ ರೇವುಪಟ್ಟಣವಾಗಿತ್ತು. ಪೋರ್ಚುಗೀಸರು 16ನೆಯ ಶತಮಾನದಲ್ಲಿಯೇ ಇಲ್ಲಿ ನೆಲೆಮಾಡಿಕೊಂಡಿದ್ದರು. ತಾಳಿಕೋಟೆಯ ಯುದ್ಧದ ನಂತರ ಪೂರ್ವಕ್ಕೆ ಸರಿದಿದ್ದ ಅರವೀಡು ವಂಶದ ವೆಂಕಟಪತಿರಾಯನ ಅನುಮತಿ ಪಡೆದು ಡಚ್ಚರು 1610ರ ಸುಮಾರಿಗೆ ಬಂದರು. 1613ರಲ್ಲಿ ಗೆಲ್ಡ್ರಿಯಾ ಎಂಬ ಕೋಟೆಯನ್ನು ಕಟ್ಟಿದರು. ಮದರಾಸಿನಲ್ಲಿ ಇಂಗ್ಲಿಷರು ಕಾಲಿಡುವುದಕ್ಕೆ ಇನ್ನೂ 26 ವರ್ಷಗಳಿದ್ದುವು. ಇಲ್ಲಿಂದ ಬಟ್ಟೆ ಹಡಗೇರಿ ಪೂರ್ವದ್ವೀಪಗಳಿಗೆ ಹೋಗುತ್ತಿತ್ತು. 1690ರಲ್ಲಿ ಡಚ್ಚರು ಮುಖ್ಯ ಕಚೇರಿಯನ್ನು ನಾಗಪಟ್ಟಣಕ್ಕೆ ಸಾಗಿಸಿದ ಮೇಲೆ ಪಟ್ಟಣದ ವೈಭವ ಇಳಿಯಿತು. ಈಗ ಕೋಟೆಯಲ್ಲಿ ನೋಡಲು ಏನೂ ಉಳಿದಿಲ್ಲ. ಡಚ್ಚರ ಗೋರಿಗಳ ಮೇಲಿನ ಕೆತ್ತನೆ ಮಾತ್ರ ನೋಡತಕ್ಕದ್ದಾಗಿದೆ.

ಬಟ್ಟೆಯ ಕಾಲ ಹೋಯಿತು, ಸೌದೆಯ ಕಾಲ ಬಂದಿತು. ಮದರಾಸಿನಿಂದ ಎಣ್ಣೂರಿನ ಕಡೆಗೆ 1806ರಲ್ಲಿ ತೋಡಲಾದ ಕಾಲುವೆಯನ್ನು ಮುಂದೆ ಉತ್ತರಕ್ಕೆ ಬೆಳೆಸಿ ಈ ಸರೋವರಕ್ಕೆ ಕೂಡಿಸಿದರು. 1876-78ರ ಭೀಕರ ಕ್ಷಾಮದಲ್ಲಿ, ಮೈಸೂರು ಸೀಮೆಯಲ್ಲಿ ನಮ್ಮ ಹಿರಿಯರು ನೆನೆಯುತ್ತಿದ್ದ ಅದೇ ಕ್ಷಾಮದಲ್ಲಿ, ಹಸಿದವರಿಗೆ ಕೂಲಿ ಕೊಟ್ಟು ಇದನ್ನು ಇನ್ನಷ್ಟು ಬೆಳೆಸಿದರು. ಆಗಿನ ಗವರ್ನರನ ಹೆಸರಿನಿಂದಲೇ ಅದು ಬಕಿಂಗ್‌ಹ್ಯಾಮ್ ಕಾಲುವೆಯಾಯಿತು. ಶ್ರೀಹರಿಕೋಟೆಯ ಕಾಡಿನ ಸೌದೆ ಈ ನೀರಿನ ಮೇಲೆಯೇ ಮದರಾಸಿನ ಒಲೆಗಳಿಗೆ ಬರುತ್ತಿತ್ತು. ಇಂದು ಅದೇ ಶ್ರೀಹರಿಕೋಟೆಯಿಂದ ರಾಕೆಟ್ಟುಗಳು ಹಾರುತ್ತವೆ.

ಇವೆಲ್ಲಕ್ಕೂ ಹಿಂದಿನಿಂದ ಇದ್ದದ್ದು ಬೆಸ್ತರ ದೋಣಿ. ಇಲ್ಲಿನ ಬೆಸ್ತರ ಹಳ್ಳಿಗಳಲ್ಲಿ ‘ಪಾಡು’ ಎಂಬ ಒಂದು ಕಟ್ಟಳೆಯುಂಟು. ಮೀನು, ಸೀಗಡಿ ಹೇರಳವಾಗಿ ಸಿಗುವ ಜಾಗಗಳನ್ನು ಗುರುತಿಸಿಟ್ಟು, ಯಾರು ಯಾವ ದಿನ ಯಾವ ಜಾಗದಲ್ಲಿ ಬಲೆ ಕಟ್ಟತಕ್ಕದ್ದೆಂಬುದನ್ನು ಊರಿನವರೇ ಚೀಟಿ ಎತ್ತಿ ಸರದಿಯ ಮೇಲೆ ನಿರ್ಣಯಿಸುತ್ತಾರೆ. ಇಂದು ಒಳ್ಳೆಯ ಜಾಗ ಸಿಕ್ಕಿದವನಿಗೆ ನಾಳೆ ಸಾಧಾರಣ ಜಾಗ. ಸರದಿ ಇಲ್ಲದವನು ಆ ದಿನ ಆ ಜಾಗಕ್ಕೆ ದೋಣಿ ಬಿಡುವಂತಿಲ್ಲ. ಇದನ್ನು ಹೊಗಳುವ ಭರದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು: ಈ ಕಟ್ಟಳೆಯಲ್ಲಿ ಜಾತಿಯ ಬೇಲಿಯೂ ಇದೆ, ಹೊರಗಿನವರಿಗೆ ಸರದಿಯಿಲ್ಲ, ಅದರಿಂದ ಜಗಳಗಳೂ ನಡೆದಿವೆ. ಆದರೂ ಒಂದು ನೀರನ್ನು ಹಲವರು ಹಂಚಿಕೊಂಡು ಬಾಳುವುದಕ್ಕೆ ಸರ್ಕಾರದ ಕಾನೂನು ಹುಟ್ಟುವ ಮುಂಚೆಯೇ ಇಲ್ಲಿ ಒಂದು ಕ್ರಮವಿತ್ತೆಂಬುದು ಗಮನಿಸತಕ್ಕ ವಿಷಯ.

ಹಾಗಾದರೆ ನಾನೂರು ವರ್ಷ ಬಟ್ಟೆಯ ದೋಣಿ, ಸೌದೆಯ ದೋಣಿ, ಬಲೆಯ ದೋಣಿಗಳ ನಡುವೆ ಬದುಕಿದ ಹಕ್ಕಿಗೆ ನಮ್ಮ ವಿಹಾರದ ದೋಣಿಯೊಂದರಿಂದ ಏನು ಕೇಡು? ಇದಕ್ಕೆ ನಮಗೆ ತೋರಿದ ಉತ್ತರ ಇಷ್ಟೇ. ಆ ದೋಣಿಗಳು ಯಾವುವೂ ಹಕ್ಕಿಯನ್ನು ಹುಡುಕಿಕೊಂಡು ಹೊರಟವಲ್ಲ. ಸೌದೆಯ ದೋಣಿಗೆ ಮದರಾಸು ಸೇರುವ ಆತುರ. ಬೆಸ್ತನಿಗೆ ತನ್ನ ಪಾಡಿನ ಮೇಲೆ ಕಣ್ಣು. ಸರೋವರದ ಆಳ ಬಹುಭಾಗದಲ್ಲಿ ಒಂದು ಮೀಟರಿನ ಆಸುಪಾಸು. ಹೊರೆ ಹೊತ್ತ ದೋಣಿ ಆಳವಿದ್ದ ಕಡೆಯಲ್ಲಿಯೇ ಹೋಗಬೇಕು. ಹಕ್ಕಿಯಾದರೋ ಮೊಳಕಾಲುದ್ದ ನೀರಿನ ಕೆಸರಿನಲ್ಲಿ ಮೇಯುತ್ತದೆ. ಇಬ್ಬರ ದಾರಿಯೂ ಬೇರೆ. ಗಣೆ ಊರಿ ನಡೆಸುವ ದೋಣಿಗೆ ಸದ್ದೂ ಇರಲಿಲ್ಲ. ವಿಹಾರದ ದೋಣಿ ಒಂದೇ ಹಕ್ಕಿಯನ್ನು ಗುರಿಯಾಗಿಟ್ಟುಕೊಂಡು ಹೊರಡುತ್ತದೆ. ಅದೂ ಯಂತ್ರದ ಗದ್ದಲದೊಡನೆ. ಮುಂದೆ ಕುಳಿತವನು “ಇನ್ನೂ ಹತ್ತಿರ, ಇನ್ನೂ ಹತ್ತಿರ” ಎನ್ನುತ್ತಿರುತ್ತಾನೆ. ಹಕ್ಕಿ ಎದ್ದು ಹಾರಿದರೇನೇ ಅವನಿಗೆ ಕೊಟ್ಟ ಹಣ ಸಾರ್ಥಕ.

ಹಾರುವುದು ರಾಜಹಂಸಕ್ಕೆ ಅಗ್ಗದ ಕೆಲಸವಲ್ಲ. ಅದು ಉದ್ದನೆಯ ಕೊರಳನ್ನು ಬಗ್ಗಿಸಿ, ಕೊಕ್ಕನ್ನು ತಲೆಕೆಳಗು ಮಾಡಿ, ಕೆಸರುನೀರನ್ನು ಜರಡಿ ಹಿಡಿದಂತೆ ಸೋಸಿ ತಿನ್ನುವ ಹಕ್ಕಿ. ಹೊಟ್ಟೆ ತುಂಬಲು ಗಂಟೆಗಟ್ಟಲೆ ಬೇಕು. ಏಳಬೇಕಾದರೆ ನೀರಿನ ಮೇಲೆ ಹತ್ತಾರು ಹೆಜ್ಜೆ ಓಡಿಯೇ ಏಳಬೇಕು. ಗುಜರಾತಿನ ಕಚ್ಛದ ರಣದಂತಹ ದೂರದ ನೆಲೆಗಳಲ್ಲಿ ಮರಿ ಮಾಡಿ, ಇಲ್ಲಿಗೆ ಮೇಯುವುದಕ್ಕಾಗಿಯೇ ಬಂದ ಹಕ್ಕಿಯನ್ನು ದಿನಕ್ಕೆ ನಾಲ್ಕಾರು ಸಲ ಎಬ್ಬಿಸಿದರೆ, ಅದು ತಿಂದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚಾದೀತು. ಜಮೆಗಿಂತ ಖರ್ಚು ಹೆಚ್ಚಾದ ಖಾತೆ ಎಷ್ಟು ದಿನ ನಡೆದೀತೆಂಬುದು ನಮಗೆ ಚೆನ್ನಾಗಿ ಗೊತ್ತು.

ಹಕ್ಕಿಯನ್ನೇ ಅರಸಿ ಬರುವವರ ಕಾಟಕ್ಕೆ ಈ ಸೀಮೆಯಲ್ಲಿ ಒಂದು ಹಳೆಯ ಪರಿಹಾರವೂ ಇದೆ. ಚೆನ್ನೈಯಿಂದ ನೈಋತ್ಯಕ್ಕೆ ಸುಮಾರು 80 ಕಿಲೋಮೀಟರು ದೂರದಲ್ಲಿರುವ ವೇಡಂತಾಂಗಲ್ ಕೆರೆಯನ್ನು ನಮ್ಮವರು ಹಲವರು ನೋಡಿರಬಹುದು. ವೇಡನ್ ಎಂದರೆ ನಮ್ಮ ಬೇಡನೇ; ಬೇಡರ ಹಳ್ಳಿ ಎಂಬ ಹೆಸರಿನ ಊರೇ ಹಕ್ಕಿಗಳ ಆಶ್ರಯವಾದುದು ವಿಚಿತ್ರ. 18ನೆಯ ಶತಮಾನದ ಕೊನೆಯಲ್ಲಿ ಬಿಳಿಯ ಸಿಪಾಯಿಗಳು ಬಂದು ಇಲ್ಲಿ ಕೊಕ್ಕರೆಗಳನ್ನು ಗುಂಡಿಟ್ಟು ಹೊಡೆಯುತ್ತಿದ್ದರು. ಊರಿನ ರೈತರು ಚೆಂಗಲ್ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್ ಎಂಬವನ ಬಳಿಗೆ ಹೋಗಿ ದೂರಿತ್ತು, ಯಾರೂ ಹಕ್ಕಿಗಳನ್ನು ಕೊಲ್ಲಕೂಡದೆಂದು ಒಂದು ಕೌಲನ್ನು ಬರೆಯಿಸಿಕೊಂಡರು. 1858ರಲ್ಲಿ ಅದನ್ನು ನವೀಕರಿಸಿದರು. ಇದು ದಯೆಯಿಂದ ಮಾತ್ರ ಮಾಡಿದ ಕೆಲಸವಲ್ಲ. ಹಕ್ಕಿಗಳ ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಹರಿದರೆ ಬೇರೆ ಗೊಬ್ಬರ ಬೇಕಾಗುತ್ತಿರಲಿಲ್ಲ. ಅದು ರೈತರಿಗೆ ತಿಳಿದಿತ್ತು. ಇಂದಿಗೂ ವೇಡಂತಾಂಗಲಿನಲ್ಲಿ ದೋಣಿಯಿಲ್ಲ. ಏರಿಯ ಮೇಲೆ ನಡೆದು, ಗೋಪುರ ಹತ್ತಿ, ಕೆರೆಯ ನಡುವಣ ಮರಗಳಲ್ಲಿ ಗೂಡು ಕಟ್ಟಿರುವ ಹಕ್ಕಿಗಳನ್ನು ದೂರದಿಂದಲೇ ನೋಡಿ ಬರಬೇಕು. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿಯೂ ಇಂತಹುದೇ ಬಾಂಧವ್ಯ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯ ಹಿತ್ತಿಲ ಹುಣಿಸೇಮರದಲ್ಲಿಯೇ ಸಂಸಾರ ಹೂಡುತ್ತವೆ.

“ಹಾಗಾದರೆ ದೋಣಿಯೇ ಬೇಡವೆನ್ನುತ್ತೀರೋ? ನಮ್ಮ ರಂಗನತಿಟ್ಟಿನಲ್ಲಿ ದೋಣಿ ಇಲ್ಲವೆ?” ಎಂದು ವಾಚಕರು ಕೇಳುವುದು ಸಹಜ. ಆ ದಿನ ವ್ಯಾನಿನಲ್ಲಿಯೂ ಇದೇ ಮಾತು ಬಂದಿತ್ತು. ಆದ್ದರಿಂದ ರಂಗನತಿಟ್ಟಿನ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಂಠೀರವ ನರಸರಾಜ ಒಡೆಯರು 1645-48ರಲ್ಲಿ ಒಂದು ಒಡ್ಡನ್ನು ಕಟ್ಟಿಸಿದರು. ನೀರು ನಿಂತು ನಡುವೆ ತಿಟ್ಟುಗಳು ಉಳಿದುವು, ತಿಟ್ಟುಗಳ ಮೇಲೆ ಮರ ಬೆಳೆಯಿತು, ಮರಕ್ಕೆ ಹಕ್ಕಿ ಬಂದಿತು. ಗದ್ದೆಗೆಂದು ಮಾಡಿದ ಕೆಲಸದಿಂದ ಹಕ್ಕಿಗೆ ಮನೆಯಾಯಿತು. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಪರಿಶೀಲಿಸಲು ಬಂದ ಡಾ. ಸಲೀಂ ಅಲಿ ಅವರು ಇದನ್ನು ಕಂಡು ಒಡೆಯರ ಸರ್ಕಾರಕ್ಕೆ ತಿಳಿಯಹೇಳಿದರು. 1940ರಲ್ಲಿ ಪಕ್ಷಿಧಾಮದ ಘೋಷಣೆಯಾಯಿತು. ಒಟ್ಟು ವಿಸ್ತೀರ್ಣ ಒಂದು ಚದರ ಕಿಲೋಮೀಟರೂ ಇಲ್ಲ. ನೀರಿನಲ್ಲಿ ಮೊಸಳೆ, ಬಂಡೆಯ ಮೇಲೆ ನೀರುಕಾಗೆ, ಮರದ ಮೇಲೆ ಕೊಕ್ಕರೆ. ಇವುಗಳ ನಡುವೆಯೇ ಅರಣ್ಯ ಇಲಾಖೆಯವರು ಹುಟ್ಟು ಹಾಕುವ ದೋಣಿಯಲ್ಲಿ ಜನರನ್ನು ಕರೆದೊಯ್ಯುತ್ತಾರೆ. ಹಕ್ಕಿಗಳು ಕದಲುವುದಿಲ್ಲ.

ನಾವು ಏಳನೆಯ ತರಗತಿಯಲ್ಲಿದ್ದಾಗ ಬೇಸಿಗೆ ರಜೆಯಲ್ಲಿ ತಂದೆಯವರೊಡನೆ ಆ ದೋಣಿ ಹತ್ತಿದ್ದೆವು. ಒಂದು ತಿಟ್ಟಿನ ತುಂಬ ಬಣ್ಣದ ಕೊಕ್ಕರೆಗಳ ಗೂಡುಗಳು. ತಂದೆಯವರ ಕೈಯಲ್ಲಿ ಹೊಸ ಕ್ಯಾಮರಾ. “ಇನ್ನು ಸ್ವಲ್ಪ ಮುಂದಕ್ಕೆ ಬಿಡಪ್ಪ” ಎಂದರು. ಅಂಬಿಗ ಹುಟ್ಟನ್ನು ಅಡ್ಡ ಹಿಡಿದು ದೋಣಿಯನ್ನು ನಿಲ್ಲಿಸಿಯೇಬಿಟ್ಟ. “ಅಲ್ಲಿಗಂಟ ಓಗಂಗಿಲ್ಲ ಬುದ್ದಿ. ತಾಯಿ ಎದ್ದೋದ್ರೆ ಮೇಲಿಂದ ಅದ್ದು ಬತ್ತದೆ, ಮರಿ ಎತ್ಕೊಂಡೋಯ್ತದೆ” ಎಂದ. ತಂದೆಯವರು ಐವತ್ತು ರೂಪಾಯಿನ ನೋಟು ತೆಗೆದರು. ನಮಗೆ ಈಗ ನೆನೆದರೂ ನಾಚಿಕೆ. ಅವನು ಅದನ್ನು ನೋಡದವನಂತೆ ದೋಣಿಯನ್ನು ಮೆಲ್ಲನೆ ತಿರುಗಿಸಿದ. ಗೂಡಿನ ತಾಯಿಹಕ್ಕಿ ನಮ್ಮನ್ನೇ ನೋಡುತ್ತಿತ್ತು, ಏಳಲಿಲ್ಲ. ಆ ದಿನ ತೆಗೆದ ಚಿತ್ರದಲ್ಲಿ ಹಕ್ಕಿ ಕಡಲೇಕಾಳಿನಷ್ಟು ಬಂದಿದೆ.

ದೋಣಿಯೂ ಹಕ್ಕಿಯೂ ಒಂದೇ ನೀರಿನಲ್ಲಿ ಇರಬಹುದೆಂಬುದಕ್ಕೆ ರಂಗನತಿಟ್ಟು ಸಾಕ್ಷಿ. ಆದರೆ ಅಲ್ಲಿ ದೋಣಿ ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುವವನು ಹಣ ಕೊಟ್ಟವನಲ್ಲ. ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿಯನ್ನು ಕಟ್ಟಿಹಾಕುತ್ತಾರೆ; ಎಷ್ಟು ದೂರದಿಂದ ಬಂದವರಾದರೂ ದಡದಿಂದ ನೋಡಿ ಹೋಗಬೇಕು. ವೇಡಂತಾಂಗಲ್, ರಂಗನತಿಟ್ಟು ಎರಡೂ 2022ರಲ್ಲಿ ರಾಮ್‌ಸಾರ್ ಒಪ್ಪಂದದ ಜಾಗತಿಕ ಪಟ್ಟಿಗೆ ಸೇರಿದುವು: ದೋಣಿ ಇಲ್ಲದ್ದೊಂದು, ದೋಣಿ ಇರುವುದೊಂದು.

ಕನ್ನಡನಾಡಿನಲ್ಲಿ ಎಲ್ಲವೂ ಹೀಗೆಯೇ ನಡೆಯಿತೆಂದು ಹೆಮ್ಮೆಪಡುವ ಹಾಗೂ ಇಲ್ಲ. ಬೆಂಗಳೂರಿನ ಕೆರೆಗಳ ಪಾಲನೆಗೆಂದು 2002ರಲ್ಲಿ ಒಂದು ಪ್ರಾಧಿಕಾರವಾಯಿತು. ಮುಂದಿನ ವರ್ಷಗಳಲ್ಲಿ ಅದು ಹೆಬ್ಬಾಳ, ನಾಗವಾರ ಮೊದಲಾದ ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆಗೆ ಕೊಟ್ಟಿತು. ಹೆಜ್ಜಾರ್ಲೆಗಳು ತಂಗುವ ಹೆಬ್ಬಾಳದ ಕೆರೆಯ ಸುತ್ತ ವಿಹಾರ, ಉಪಾಹಾರಗಳ ಯೋಜನೆ ಹುಟ್ಟಿದಾಗ ನಾಗರಿಕರು ಎದ್ದರು. 2008ರಲ್ಲಿ ವಿಷಯ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ವರದಿ ಕೊಟ್ಟು, 2012ರಲ್ಲಿ ಕೆರೆಗಳ ರಕ್ಷಣೆಗೆ ಆದೇಶವಾಯಿತು. ದೋಣಿಗೆ ಟಿಕೆಟ್ಟು ಮಾರುವವನೇ ಕೆರೆಯ ಯಜಮಾನನಾದರೆ, ಅಂಬಿಗ ಹುಟ್ಟನ್ನು ಅಡ್ಡ ಹಿಡಿಯುವುದು ಹೇಗೆ?

‘ಇನ್ನೂ ಹತ್ತಿರ’ ಎಂಬ ಆಸೆಯಿಂದ ಹಕ್ಕಿಗೆ ಮಾತ್ರ ಕೇಡೆಂದು ತಿಳಿಯಬಾರದು. ಕೇರಳದ ತೇಕ್ಕಡಿಯಲ್ಲಿ, ಪೆರಿಯಾರ್ ಅಭಯಾರಣ್ಯದ ಸರೋವರದಲ್ಲಿ, 2009ರ ಸೆಪ್ಟೆಂಬರ್ 30ರಂದು ಪ್ರವಾಸಿಗಳ ದೋಣಿ ಮಗುಚಿ 45 ಜನ ಸತ್ತರು. ಕಾಡುಪ್ರಾಣಿಗಳನ್ನು ನೋಡುವ ಆತುರದಲ್ಲಿ ಜನ ಒಂದೇ ಪಕ್ಕಕ್ಕೆ ಸರಿದರೆಂದು ಆಗ ವರದಿಯಾಗಿತ್ತು. ಎರಡು ವರ್ಷ ಕಳೆದು, 2011ರ ಡಿಸೆಂಬರ್ 25ರ ಕ್ರಿಸ್‌ಮಸ್ ದಿನ, ಇದೇ ಪುಲಿಕಾಟಿನಲ್ಲಿ ವಿಹಾರಕ್ಕೆ ಹೊರಟ ದೋಣಿಯೊಂದು ಮಗುಚಿತು. 22 ಜನ ನೀರುಪಾಲಾದರು. ರಜೆಯ ದಿನ ಮಕ್ಕಳುಮರಿ ಕಟ್ಟಿಕೊಂಡು ಬಂದಿದ್ದ ನಮ್ಮಂಥವರೇ. ನಮ್ಮ ಹಿರಿಯರು ಅಡ್ಡ ನಿಂತದ್ದು ಆ ದಿನವನ್ನು ನೆನೆದು. ಆ ಬಳಿಕ ಜಿಲ್ಲಾಡಳಿತ ಪ್ರವಾಸಿಗಳ ದೋಣಿಯನ್ನು ನಿಷೇಧಿಸಿತು.

ಇಲ್ಲಿ ಇನ್ನೊಂದು ತೊಡಕಿದೆ. 1953ರಲ್ಲಿ ಆಂಧ್ರ ರಾಜ್ಯ ಬೇರೆಯಾದಾಗ ಸರೋವರ ಎರಡು ಪಾಲಾಯಿತು. ದೊಡ್ಡ ಪಾಲು ಅವರಿಗೆ, ದಕ್ಷಿಣದ ಚಿಕ್ಕ ಪಾಲು ಇತ್ತ. ಆಂಧ್ರದವರು 1976ರಲ್ಲಿ ತಮ್ಮ ಭಾಗವನ್ನು ಪಕ್ಷಿಧಾಮವೆಂದು ಸಾರಿದರು, ತಮಿಳುನಾಡಿನವರು 1980ರಲ್ಲಿ. ಅತ್ತ ಸುಳ್ಳೂರುಪೇಟೆಯಲ್ಲಿ ಫ್ಲೆಮಿಂಗೋ ಹಬ್ಬವೆಂದು ನಡೆಸಿದಾಗ ದೋಣಿವಿಹಾರವೂ ಅದರ ಒಂದು ಅಂಗವಾಗಿದ್ದುಂಟು. ಇತ್ತ ದೋಣಿಗೆ ತಡೆ. ಒಂದೇ ನೀರಿಗೆ ಎರಡು ಕಟ್ಟಳೆಯಾದರೆ ದಡದ ಬಡವನಿಗೆ ಯಾವುದರ ಮೇಲೂ ನಂಬಿಕೆ ಹುಟ್ಟದು. ನಿಷೇಧವಿದ್ದೂ ದನಿ ತಗ್ಗಿಸಿ ಕರೆಯುವವರು ಇದ್ದೇ ಇದ್ದಾರೆಂಬುದನ್ನು ನಾವೇ ಕಂಡೆವಲ್ಲ. ಕದ್ದು ಹೊರಟ ದೋಣಿಯಲ್ಲಿ ತೇಲುಕವಚವೂ ಇರುವುದಿಲ್ಲ, ಇಂತಿಷ್ಟು ಜನವೆಂಬ ಲೆಕ್ಕವೂ ಇರುವುದಿಲ್ಲ, ಹಕ್ಕಿಯಿಂದ ಇಷ್ಟು ದೂರವೆಂಬ ಗೆರೆಯಂತೂ ಇಲ್ಲವೇ ಇಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಹತ್ತಾರು ಯಂತ್ರದೋಣಿಗಳನ್ನು ತಂದು ನಿಲ್ಲಿಸುವುದೂ ಸರಿಯಲ್ಲ, ತಡೆಯೊಂದನ್ನು ಬರೆದಿಟ್ಟು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಪಾಡಿನ ಸರದಿಯನ್ನು ಇಷ್ಟು ಕಾಲ ನಡೆಸಿಕೊಂಡು ಬಂದ ಹಳ್ಳಿಗಳಿಗೆ ಐದಾರು ದೋಣಿಗಳ ಸರದಿಯನ್ನು ನಡೆಸುವುದು ಬಾರದೆ? ಗಣೆ ಊರುವ ದೋಣಿಯಿರಲಿ, ಆಳದ ದಾರಿಯಲ್ಲಿ ಮಾತ್ರ ಹೋಗಲಿ, ರಾಜಹಂಸಗಳು ಮೇಯುವ ಕೆಸರುಬಯಲಿನ ಕಡೆಗೆ ಸುಳಿಯದಿರಲಿ. ಡಚ್ಚರ ಗೋರಿ, ಕಾಲುವೆ, ಅಳಿವೆಯ ಬಾಯಿ, ಬಲೆ ಕಟ್ಟುವ ಪರಿ, ಇವೇ ನೋಡುವುದಕ್ಕೆ ಬೇಕಾದಷ್ಟಿವೆ. ಸಿಕ್ಕಿದ ಹಣ ಹಳ್ಳಿಗೇ ಸೇರಲಿ. ಕೊಕ್ಕರೆಯಿಂದ ಗದ್ದೆಗೆ ಲಾಭವೆಂದು ಕಂಡದ್ದರಿಂದಲೇ ಅಲ್ಲವೆ, ವೇಡಂತಾಂಗಲಿನ ರೈತ ಕಲೆಕ್ಟರನ ಬಾಗಿಲಿಗೆ ಹೋದದ್ದು? ನಮ್ಮ ಮಾತಿಗೆ ಸರ್ಕಾರದಲ್ಲಿ ಬೆಲೆಯಿಲ್ಲವೆಂಬುದು ನಮಗೆ ಗೊತ್ತು. ಆದರೆ ದಡದಲ್ಲಿ ಹಣದ ಚೀಲ ಹಿಡಿದು ನಿಂತು “ಇನ್ನೂ ಹತ್ತಿರ” ಎನ್ನುವವರು ನಾವೇ. ಆದಕಾರಣ ಇದನ್ನು ನಮ್ಮವರು ಓದುವ ಸಂಚಿಕೆಯಲ್ಲಿ ಬರೆದೆವು.

ಆ ಭಾನುವಾರದ ಮಾತು ಸ್ವಲ್ಪ ಉಳಿದಿದೆ. ದೋಣಿ ಬೇಡವೆಂದ ಮೇಲೂ ಆ ಯುವಕ ಹೊರಟುಹೋಗಲಿಲ್ಲ. ನಮ್ಮಲ್ಲಿ ಮೀನು ತಿನ್ನುವ ಎರಡು ಸಂಸಾರದವರು ಅವನ ತಾಯಿಯ ಬುಟ್ಟಿಯಿಂದ ಸೀಗಡಿ ಕೊಂಡರು; ಉಳಿದವರು ಮೂಗಿಗೆ ಸೆರಗು ಹಿಡಿದು ನಿಂತರು. ಆಗ ಅವನೇ, “ಹಕ್ಕಿ ನೋಡಬೇಕಾದರೆ ಬೆಳಗ್ಗೆ ಬೇಗ ಸುಳ್ಳೂರುಪೇಟೆಯಿಂದ ಶ್ರೀಹರಿಕೋಟೆಗೆ ಹೋಗುವ ರಸ್ತೆಗೆ ಹೋಗಿ ಸಾರ್. ರಸ್ತೆಯ ಪಕ್ಕದಲ್ಲಿಯೇ ಮೇಯುತ್ತಿರುತ್ತವೆ. ದೋಣಿಯೂ ಬೇಡ, ಕಾಸೂ ಬೇಡ” ಎಂದ.

ಮರುವರ್ಷ ಹಾಗೆಯೇ ಮಾಡಿದೆವು. ಕತ್ತಲಿರುವಾಗಲೇ ಹೊರಟು, ಬಿಸಿಲೇರುವ ಮೊದಲು ಆ ರಸ್ತೆಯಲ್ಲಿ ವ್ಯಾನು ನಿಲ್ಲಿಸಿದೆವು. ಎರಡು ಕಡೆಯೂ ನೀರು. ನೀರಿನ ತುಂಬ ತೆಳುಗೆಂಪಿನ ಕಾಲುಗಳು. ಜೊತೆಯಲ್ಲಿದ್ದದ್ದು ಒಂದೇ ದುರ್ಬೀನು, ಮಕ್ಕಳು ಹನ್ನೊಂದು. ಯಾರು ಮೊದಲೆಂದು ಕಿತ್ತಾಟ ಶುರುವಾದಾಗ, ದೋಣಿಗೆ ಅಡ್ಡ ನಿಂತಿದ್ದ ಆ ಹಿರಿಯರೇ ಡೈರಿಯ ಹಾಳೆಯೊಂದನ್ನು ಹರಿದು ಹನ್ನೊಂದು ಚೀಟಿ ಮಾಡಿದರು.